ತಡೆಯಬೇಕಿತ್ತು, ಆದರೆ ಕೇಳಿ ತಡೆಯಬೇಕಿತ್ತು

ಮೆಲ್ಬರ್ನ್‌ನಲ್ಲಿ ಮಗಳ ಮನೆಯಲ್ಲಿದ್ದು ಈಗಷ್ಟೇ ಮೈಸೂರಿಗೆ ಮರಳಿರುವ ಓದುಗರೊಬ್ಬರ ಪತ್ರ: "ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ನೀವು ಬರೆದದ್ದು ಒಂದೇ ಕಡೆಯ ಮಾತು. ಅಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿತ್ತು. 2007ರಲ್ಲಿ ಸರ್ಕಾರ ಮಧ್ಯೆ ಬಂತು. ನೋಡಿಕೊಂಡು ಸುಮ್ನೆ ಇರಬೇಕಿತ್ತೇ?"

ನಮಸ್ಕಾರ ಸರ್,

ಸುಮ್ಮನಿರಬಾರದಿತ್ತು. ಅದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ಆಸ್ಟ್ರೇಲಿಯಾದ ಉತ್ತರ ಭಾಗದ ಪ್ರಾಂತ್ಯ ನಾರ್ದರ್ನ್ ಟೆರಿಟರಿಯ ಮೂಲನಿವಾಸಿ ಮಕ್ಕಳ ಸಂಕಟ ನಿಜ. ಆ ವರ್ಷ ಅಲ್ಲಿನ ಸರ್ಕಾರ ನೇಮಿಸಿದ ವಿಚಾರಣೆಯ ಮುಖ್ಯಸ್ಥರಾದ ರೆಕ್ಸ್ ವೈಲ್ಡ್ ಮತ್ತು ಪ್ಯಾಟ್ ಆಂಡರ್ಸನ್ ಕೊಟ್ಟ ವರದಿ ಅದನ್ನೇ ಹೇಳಿತ್ತು. ಅದರ ಹೆಸರಿನ ಅರ್ಥವೇ 'ಪುಟ್ಟ ಮಕ್ಕಳು ಪವಿತ್ರ' ಅಂತ. ಅದರಲ್ಲಿ 97 ಶಿಫಾರಸುಗಳಿದ್ದವು. ಮೊದಲನೆಯದರಲ್ಲೇ ಎರಡು ಮಾತಿದ್ದವು: ಇದು ಇಡೀ ದೇಶ ತುರ್ತಾಗಿ ಗಮನಿಸಬೇಕಾದ ವಿಷಯ, ಏನು ಮಾಡುವುದಿದ್ದರೂ ಆ ಜನರೊಂದಿಗೆ ಕೂತು, ಅವರನ್ನು ಕೇಳಿ ಮಾಡಿ.

ಕೇಂದ್ರ ಸರ್ಕಾರ 'ತುರ್ತು' ಅನ್ನುವುದನ್ನು ಎತ್ತಿಕೊಂಡಿತು. 'ಕೇಳಿ ಮಾಡಿ' ಅನ್ನುವುದನ್ನು ಅಲ್ಲೇ ಬಿಟ್ಟಿತು. ನನ್ನ ತಕರಾರು ಇಷ್ಟೇ.

ವರದಿ ಹೊರಬಂದು ವಾರವೂ ಆಗಿರಲಿಲ್ಲ. ಜೂನ್ 21ರಂದು ಪ್ರಧಾನಿ ಜಾನ್ ಹೊವಾರ್ಡ್ ಮತ್ತು ಮೂಲನಿವಾಸಿ ವ್ಯವಹಾರಗಳ ಸಚಿವ ಮಾಲ್ ಬ್ರಫ್ ರಾಷ್ಟ್ರೀಯ ತುರ್ತುಸ್ಥಿತಿ ಎಂದರು. ಕೆಲವೇ ದಿನಗಳಲ್ಲಿ ಹೊವಾರ್ಡ್ ಇದನ್ನು ಅಮೆರಿಕದ ಕತ್ರೀನಾ ಚಂಡಮಾರುತಕ್ಕೆ ಹೋಲಿಸಿದರು. ಆ ಹೋಲಿಕೆ ಏನು ಮಾಡುತ್ತದೆ ನೋಡಿ. ನೆರೆಯಲ್ಲಿ ಮುಳುಗುತ್ತಿರುವವನ ಒಪ್ಪಿಗೆ ಯಾರೂ ಕೇಳುವುದಿಲ್ಲ, ರಟ್ಟೆ ಹಿಡಿದು ಎಳೆಯುತ್ತಾರೆ. ನೆರೆ ಬಂದದ್ದಕ್ಕೆ ಸರ್ಕಾರವನ್ನೂ ಯಾರೂ ದೂರುವುದಿಲ್ಲ. ಆದರೆ ಇದು ರಾತ್ರೋರಾತ್ರಿ ಬೀಸಿದ ಗಾಳಿಯಲ್ಲ. ಸಾಕಷ್ಟು ಮನೆಗಳಿಲ್ಲದೆ, ಶಾಲೆಗೆ ಮೇಷ್ಟ್ರಿಲ್ಲದೆ ದಶಕಗಳೇ ಕಳೆದಿದ್ದವು.

ಆಗಸ್ಟ್‌ನಲ್ಲಿ ನೂರಾರು ಪುಟಗಳ ಮಸೂದೆಗಳು ಮಂಡನೆಯಾದ ದಿನವೇ ಕೆಳಮನೆ ದಾಟಿದವು. ವಿರೋಧ ಪಕ್ಷವೂ ಕೈ ಎತ್ತಿತು. ಮಕ್ಕಳ ಹೆಸರು ಹೇಳಿದ ಮೇಲೆ ಬೇಡ ಅನ್ನುವವರು ಯಾರು? ಸೈನಿಕರು ಅದಕ್ಕೂ ಮೊದಲೇ ಬಂದಿದ್ದರು. 73 ಮೂಲನಿವಾಸಿ ಊರುಗಳ ಮಟ್ಟಿಗೆ 1975ರ ಜನಾಂಗೀಯ ತಾರತಮ್ಯ ತಡೆ ಕಾಯ್ದೆಯನ್ನೇ ಬದಿಗಿಟ್ಟರು. ಜನರಿಗೆ ಬರುವ ಸರ್ಕಾರಿ ಹಣದಲ್ಲಿ ಅರ್ಧವನ್ನು ಹಿಡಿದಿಟ್ಟು, ಮುಂದೆ ಅದನ್ನು ಒಂದು ಕಾರ್ಡಿಗೆ ಹಾಕಿದರು. ಒಪ್ಪಿಗೆ ಪಡೆದ ಅಂಗಡಿಯಲ್ಲಿ, ಒಪ್ಪಿದ ಸಾಮಾನಿಗೆ ಮಾತ್ರ ಆ ಕಾರ್ಡು ನಡೆಯುತ್ತಿತ್ತು. ಮಕ್ಕಳನ್ನು ಚೆನ್ನಾಗಿ ಸಾಕಿದ ತಾಯಿಗೂ, ಒಂಟಿಯಾಗಿ ಪಿಂಚಣಿಯಲ್ಲಿ ಬದುಕುವ ಅಜ್ಜಿಗೂ ಅದೇ ಕಾರ್ಡು.

ಊರ ಬಾಗಿಲಲ್ಲಿ ದೊಡ್ಡ ನೀಲಿ ಬೋರ್ಡು ನೆಟ್ಟರು. ಹೆಂಡ ಇಲ್ಲ, ಅಶ್ಲೀಲ ಚಿತ್ರ ಇಲ್ಲ ಅಂತ ಅದರ ಮೇಲೆ ಬರೆದಿತ್ತು. ನಿಮ್ಮ ಬೀದಿಯ ತುದಿಯಲ್ಲಿ ಇಂಥದ್ದೊಂದು ಇದೆ ಎಂದುಕೊಳ್ಳಿ. ದಿನಾ ಮೊಮ್ಮಗಳ ಕೈ ಹಿಡಿದು ಅದರ ಕೆಳಗೆ ನಡೆಯಬೇಕು. ತಪ್ಪೇ ಮಾಡದ ಅಪ್ಪ, ಮಾವ, ತಾತ ಎಲ್ಲರ ಮೇಲೂ ಮಸಿ ಬಳಿದ ಹಾಗಲ್ವಾ?

ಮಕ್ಕಳ ಮೇಲೆ ಕಣ್ಣಿಟ್ಟ ಸಂಘಟಿತ ಜಾಲಗಳಿವೆ ಎಂದು ಬ್ರಫ್ ಮೊದಲೇ ಹೇಳಿದ್ದರು. ಆಸ್ಟ್ರೇಲಿಯಾದ ಅಪರಾಧ ಆಯೋಗ ತನಿಖೆ ಮಾಡಿತು. ಅಂಥ ಜಾಲ ಸಿಗಲಿಲ್ಲ. ಅಷ್ಟರಲ್ಲಿ ಮಾತು ಜಗತ್ತಿಗೆಲ್ಲ ಹಬ್ಬಿಯಾಗಿತ್ತು.

'ನಿಮ್ಮ ರಕ್ಷಣೆಗೆ ಬಂದಿದ್ದೇವೆ' ಅನ್ನುವ ಮಾತು ಅವರಿಗೆ ಹೊಸದಲ್ಲ, ಸರ್. 1910ರ ಕಾನೂನಿನಡಿ ಅಲ್ಲೊಬ್ಬ 'ಮುಖ್ಯ ರಕ್ಷಕ' ಅಧಿಕಾರಿ ಇದ್ದ. ತಂದೆತಾಯಿ ಬದುಕಿದ್ದರೂ ಪ್ರತಿ ಮೂಲನಿವಾಸಿ ಮಗುವಿಗೆ ಕಾನೂನಿನ ಪ್ರಕಾರ ಅವನೇ ಪೋಷಕ. ಆ ಕಾಲದಲ್ಲಿ ಅಮ್ಮಂದಿರ ಕೈಯಿಂದ ಕಿತ್ತುಕೊಂಡ ಮಕ್ಕಳ ಕಥೆ ನಿಮ್ಮ ಮಗಳೂ ಕೇಳಿರುತ್ತಾರೆ. 2007ರಲ್ಲಿ ಸೈನ್ಯದ ಗಾಡಿ ಕಂಡಾಗ ಅಜ್ಜಿಯಂದಿರಿಗೆ ನೆನಪಾದದ್ದು ಅದೇ.

2009ರಲ್ಲಿ ಆಂಪಿಲಟ್ವಾಟ್ಜಾ ಎಂಬ ಊರಲ್ಲಿ ಕಕ್ಕಸಿನ ನೀರು ಬೀದಿಗೆ ಹರಿಯುತ್ತಿತ್ತು. ಇಷ್ಟು ಅಧಿಕಾರಿಗಳು ಬಂದುಹೋದರೂ ಅದು ಸರಿಯಾಗಲಿಲ್ಲ. ಅಲ್ಲಿನ ಅಲ್ಯವಾರ್ ಎಂಬ ಮೂಲನಿವಾಸಿ ಸಮುದಾಯದ ಹಿರಿಯರು ಊರು ಬಿಟ್ಟು, 2007ರ ಕಾನೂನಿನ ಗಡಿಯ ಆಚೆ ಹೋಗಿ ಬಿಡಾರ ಹೂಡಿದರು.