ಹೋಮ್ ಅಸಿಸ್ಟೆಂಟ್ ಇದ್ದರೆ ಸ್ಟ್ರಾವಾ ಬೇಡವಾ?

ನೀವೂ ದಾವಣಗೆರೆಯವರೇ ಅಂತ ಓದಿ ಖುಷಿಯಾಯ್ತು. ಮನೆಯ ಲೈಟು, ಮೋಟಾರ್ ಎಲ್ಲ ತಾನಾಗೇ ನಡೆಯುವಂತೆ ಮಾಡುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಹಾಕಿಸಿದರೆ ವಾಕಿಂಗ್ ಲೆಕ್ಕವೂ ಅದರಲ್ಲೇ ಸಿಗುತ್ತದಾ, ಓಟ-ನಡಿಗೆಯ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ ತೆಗೆದುಬಿಡಲಾ ಅಂತ ಕೇಳಿದ್ದೀರಿ. ತೆಗೆಯಬೇಡಿ.

ಹೋಮ್ ಅಸಿಸ್ಟೆಂಟಿನ ಮೊಬೈಲ್ ಆ್ಯಪ್ ಹೆಜ್ಜೆ ಎಣಿಕೆ ತೋರಿಸುತ್ತದೆ, ನಿಜ. ಆದರೆ ಕುಂದವಾಡ ಕೆರೆ ಏರಿ ಮೇಲೆ ಓಡಿ ಬಂದಾಗ ದಾರಿಯ ನಕ್ಷೆ, ಒಂದೊಂದು ಕಿಲೋಮೀಟರಿಗೆ ಹಿಡಿದ ಸಮಯ, ಇವೆಲ್ಲ ಬೇಕಂದ್ರೆ ಸ್ಟ್ರಾವಾನೇ ಸರಿ. 2009ರಿಂದ ಅದು ಮಾಡುತ್ತಿರುವುದೇ ಈ ಕೆಲಸ.

ಹೋಮ್ ಅಸಿಸ್ಟೆಂಟ್ ಮನೆಗೆ. ನಮ್ಮಲ್ಲಿ ಮೊದಲು ಟ್ಯಾಂಕ್ ತುಂಬಿ ನೀರು ಮೆಟ್ಟಿಲ ಮೇಲೆಲ್ಲಾ ಹರಿಯುತ್ತಿತ್ತು. ಅಮ್ಮ ಪಕ್ಕದ ಮನೆಯಿಂದ ಓಡಿ ಬಂದು ಮೋಟಾರ್ ಆಫ್ ಮಾಡಬೇಕಿತ್ತು. ಈಗ ಟ್ಯಾಂಕ್ ತುಂಬಿದ ತಕ್ಷಣ ತಾನೇ ನಿಲ್ಲುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ! ಎಲ್ಲ ಮನೆಯೊಳಗೇ ನಡೆಯುತ್ತದಲ್ವಾ, ಅದೇ ನನಗೆ ಬಹಳ ಹಿಡಿಸಿದ್ದು. ಆದರೆ ಮೋಟಾರನ್ನು ಫೋನಿನಿಂದ ಆನ್-ಆಫ್ ಮಾಡುವ ಸಣ್ಣ ಸ್ಮಾರ್ಟ್ ಪ್ಲಗ್‌ಗೆ ಸುಮ್ನೆ ಸಿಕ್ಕಿಸಬೇಡಿ, ದಯವಿಟ್ಟು. ಎಲೆಕ್ಟ್ರಿಷಿಯನ್ ಕರೆಸಿ ಕಾಂಟ್ಯಾಕ್ಟರ್ (ಮೋಟಾರಿನ ಹೆಚ್ಚಿನ ಕರೆಂಟ್ ತಾಳುವ ಸ್ವಿಚ್) ಹಾಕಿಸಿ.

ಹೋಮ್ ಅಸಿಸ್ಟೆಂಟ್ ನಡೆಸಲು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತಗೊಂಡರೆ ಜೊತೆಗೊಂದು ಚಿಕ್ಕ ಯುಪಿಎಸ್ ಇರಲಿ. ಕರೆಂಟ್ ಹೋಗಿ ಬಂದು ನನ್ನ ಮೆಮೊರಿ ಕಾರ್ಡ್ ಎರಡು ಸಲ ಕೆಟ್ಟಿತು. ಬ್ಯಾಕಪ್ ಇದ್ದಿದ್ದಕ್ಕೆ ಬಚಾವಾದೆ.