ಬೊಲೋನ್ಯದಲ್ಲಿ ಹೊಟ್ಟೆನೋವಿನ ಊಟ

ಬರುವ ಸೆಪ್ಟೆಂಬರಿನಲ್ಲಿ ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯಕ್ಕೆ ಓದಲು ದಾವಣಗೆರೆಯಿಂದ ಹೊರಟಿರುವ ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಇಲ್ಲಿನ ಮನೆಯೂಟದ ಹೋಟೆಲುಗಳಾದ ತ್ರತ್ತೊರೀಯಾಗಳಲ್ಲಿ ಸಸ್ಯಾಹಾರಿಗೆ ಊಟ ಸಿಗುತ್ತದೆಯೇ, ಖರ್ಚು ಎಷ್ಟು, ಟಿಪ್ಸ್ ಕೊಡಬೇಕೇ, ಊರಿನಿಂದ ಕುಕ್ಕರ್ ತರಬೇಕೇ. ನಡುವಿನ ಎರಡಕ್ಕೆ ಉತ್ತರ ಚಿಕ್ಕದು. ಒಂದು ತಟ್ಟೆ ಪಾಸ್ತಾಕ್ಕೆ ಈಗ ಸುಮಾರು 10ರಿಂದ 14 ಯೂರೋ ಆಗುತ್ತದೆ; ಕೋಪೆರ್ತೋ ಎಂದು ತಲೆಗೆ ಎರಡು ಮೂರು ಯೂರೋ ಬಿಲ್ಲಿಗೆ ಸೇರಿಸುತ್ತಾರೆ, ಅದಕ್ಕಾಗಿ ಜಗಳ ತೆಗೆಯಬೇಡಿ, ಅದು ಮೇಜಿನ ಬಟ್ಟೆ ಮತ್ತು ಬ್ರೆಡ್ಡಿನ ಲೆಕ್ಕ. ಕುಡಿಯುವ ನೀರಿಗೂ ದುಡ್ಡು. ಟಿಪ್ಸ್ ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆಯವರೆಗೆ, ರಾತ್ರಿ ಏಳೂವರೆಯ ಮೇಲೆ ಎಂಬುದನ್ನು ಮಾತ್ರ ನೆನಪಿಡಿ. ಸಂಜೆ ನಾಲ್ಕಕ್ಕೆ ಹಸಿವಾಯಿತೆಂದು ಹೋದರೆ ಒಲೆ ಆರಿರುತ್ತದೆ.

ಮೊದಲನೆಯ ಪ್ರಶ್ನೆಗೆ ಮಾತ್ರ ಒಂದು ಮಾತಿನಲ್ಲಿ ಉತ್ತರಿಸಲಾರೆ.

ತ್ರತ್ತೊರೀಯಾ ಎಂದರೆ ನಿಮ್ಮ ಕಡೆಯ ಖಾನಾವಳಿ ಎಂದುಕೊಂಡರೆ ಮುಕ್ಕಾಲು ಪಾಲು ಸರಿ. ಒಂದೇ ಕುಟುಂಬ ನಡೆಸುತ್ತದೆ, ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಅಜ್ಜಿಯೋ ಅತ್ತೆಯೋ ಇರುತ್ತಾರೆ, ಇವತ್ತಿನ ಅಡುಗೆ ಏನೆಂದು ಬಾಯಲ್ಲೇ ಹೇಳುತ್ತಾರೆ. ಉಳಿದ ಕಾಲು ಪಾಲು ಬೇರೆ. ಇಲ್ಲಿ ಎಲ್ಲವನ್ನೂ ಒಂದೇ ತಟ್ಟೆಗೆ ಬಡಿಸುವುದಿಲ್ಲ. ಪಾಸ್ತಾ ಅಥವಾ ಸೂಪು ಬರುವ ಪ್ರೀಮೋ ಮೊದಲು, ಮಾಂಸ ಬರುವ ಸೆಕೊಂದೋ ಆಮೇಲೆ, ಕೊಂತೋರ್ನೋ ಎಂಬ ತರಕಾರಿಯ ಪಲ್ಯ ಅದರ ಪಕ್ಕಕ್ಕೆ. ಪಾಸ್ತಾವನ್ನು ಪಲ್ಯದಂತೆ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಬಾರದು, ಆದರೆ ಕೊನೆಯಲ್ಲಿ ತಟ್ಟೆಗೆ ಅಂಟಿದ ಸಾಸನ್ನು ಬ್ರೆಡ್ಡಿನಿಂದ ಒರೆಸಿ ತಿಂದರೆ ಅಡುಗೆಯವರ ಮುಖ ಅರಳುತ್ತದೆ. ಊಟವಾದ ಮೇಲೆ ಕಾಫಿ ಕೇಳಬಹುದು. ಹಾಲು ಹಾಕಿದ ಕಪ್ಪುಚ್ಚೀನೋ ಮಾತ್ರ ಬೆಳಗಿನದು, ಮಧ್ಯಾಹ್ನ ಕೇಳಿದರೆ ಕೊಡುತ್ತಾರೆ, ನಗುತ್ತಾರೆ.

ಬೊಲೋನ್ಯ ತನ್ನ ಊಟದ ಬಗ್ಗೆ ಎಷ್ಟು ಜಂಬದ ಊರೆಂದರೆ, ಬೆಂದ ತಾಲ್ಯತೆಲ್ಲೆ ಎಂಬ ಪಟ್ಟಿ ಪಾಸ್ತಾದ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಅದರ ಚಿನ್ನದ ಮಾದರಿಯೊಂದನ್ನು ವಾಣಿಜ್ಯ ಮಂಡಳಿಯಲ್ಲಿ ಇರಿಸಿದರು. ಅದರ ಜೊತೆಗೆ ಬರುವ ರಗೂ ಎಂಬ ಮಾಂಸದ ಸಾಸಿನ ಪಾಕವಿಧಾನವನ್ನು 1982ರಲ್ಲಿ ಅಲ್ಲಿಯೇ ನೋಂದಾಯಿಸಿದರು. ಅಂಥ ಊರಿನಲ್ಲಿ ಮಾಂಸ ಬೇಡವೆನ್ನುವುದು ದಾವಣಗೆರೆಯಲ್ಲಿ ಕುಳಿತು ಬೆಣ್ಣೆ ಹಾಕದ ಬೆಣ್ಣೆದೋಸೆ ಕೇಳಿದಂತೆ. ಕೊಡುವವರಿಗೆ ಸಿಟ್ಟು ಬರುವುದಿಲ್ಲ, ಗಾಬರಿಯಾಗುತ್ತದೆ.

ನಾನು ತಿಪಟೂರಿನಿಂದ ಇಲ್ಲಿಗೆ ಬಂದದ್ದು 2006ರ ಸೆಪ್ಟೆಂಬರಿನಲ್ಲಿ, ಪ್ಯಾಕಿಂಗ್ ಯಂತ್ರಗಳನ್ನು ತಯಾರಿಸುವ ಒಂದು ಕಂಪನಿಯ ಕೆಲಸಕ್ಕೆ. ಮೊದಲ ವಾರವೇ ಸಹೋದ್ಯೋಗಿಗಳು ಸಾನ್ ವಿತಾಲೆ ಬೀದಿಯ ಆಚೆ ಒಂದು ಸಂದಿಯಲ್ಲಿದ್ದ, ಎಂಟೇ ಮೇಜುಗಳ ತ್ರತ್ತೊರೀಯಾಕ್ಕೆ ಕರೆದೊಯ್ದರು. ಕಲಿತಿದ್ದ ಎರಡು ಪದಗಳನ್ನು ಕೂಡಿಸಿ 'ಸೆಂತ್ಸಾ ಕಾರ್ನೆ', ಅಂದರೆ ಮಾಂಸವಿಲ್ಲದ್ದು, ಎಂದೆ. ಅಲ್ಲಿನ ಯಜಮಾನಿ ಸಿನ್ಯೋರಾ ತಲೆಯಾಡಿಸಿ ಹುರುಳಿಕಾಯಿಯ ಬೀಜ ಹಾಕಿದ ಪಾಸ್ತಾ ಸೂಪು ತಂದಿಟ್ಟರು. ಚಮಚ ಆಡಿಸಿದರೆ ತಳದಲ್ಲಿ ಗುಲಾಬಿ ಬಣ್ಣದ ಚೂರುಗಳು. ಅದು ಹಂದಿಯ ಪಂಚೆತ್ತಾ. ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ, ರುಚಿಗೆ ಹಾಕಿದ್ದು, ನಾವು ಒಗ್ಗರಣೆಗೆ ಇಂಗು ಹಾಕಿದಂತೆ. ನಾನು ಚಮಚ ಕೆಳಗಿಟ್ಟೆ. ಯಾಕೆ ಎಂದು ಅವರು ಕೇಳಿದಾಗ ಆರು ಜನ ಸಹೋದ್ಯೋಗಿಗಳು ನನ್ನನ್ನೇ ನೋಡುತ್ತಿದ್ದರು. ನಮ್ಮ ಮನೆಗಳ ಕಥೆ ನಿಮಗೆ ಹೇಳಬೇಕಾಗಿಲ್ಲ. ಅವರಿಗೆ ಅದನ್ನು ಹೇಳುವ ಭಾಷೆಯೂ ನನ್ನಲ್ಲಿರಲಿಲ್ಲ, ಇದ್ದಿದ್ದರೂ ಧೈರ್ಯವಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು, ನೋವು ಎಂದುಬಿಟ್ಟೆ.

ಆಕೆ ತಟ್ಟೆ ಎತ್ತಿಕೊಂಡು ಹೋಗಿ ಹತ್ತು ನಿಮಿಷದಲ್ಲಿ ಬರೀ ಎಣ್ಣೆ ಮತ್ತು ಚೀಸ್ ಉದುರಿಸಿದ ಬಿಳಿ ಪಾಸ್ತಾ ತಂದರು. ಇಲ್ಲಿ ಇದಕ್ಕೆ 'ಇನ್ ಬಿಯಾಂಕೋ' ಎನ್ನುತ್ತಾರೆ, ನಮ್ಮಲ್ಲಿ ಜ್ವರ ಬಂದವರಿಗೆ ಗಂಜಿ ಕೊಟ್ಟಂತೆ ಕಾಯಿಲೆಯವರಿಗೆ ಕೊಡುವ ಊಟ. ಮುಂದಿನ ವಾರ ಹೋದಾಗ, ಹೊಟ್ಟೆ ಹೇಗಿದೆ ಎಂದು ಬಾಗಿಲಲ್ಲೇ ಕೇಳಿದರು. ವಾಸಿಯಾಯಿತು ಎಂದರೆ ಮತ್ತೆ ಪಂಚೆತ್ತಾ ಬರುತ್ತದೆ. ಇನ್ನೂ ಸ್ವಲ್ಪ ನೋವಿದೆ ಎಂದೆ. ಹೀಗೆ ಸುಮಾರು ಮೂರು ವರ್ಷ ನಾನು ಆ ಮನೆಯಲ್ಲಿ ರೋಗಿಯಾಗಿದ್ದೆ. ಚಳಿಗಾಲದಲ್ಲಿ ಕ್ಯಾಮೊಮೈಲ್ ಹೂವಿನ ಕಷಾಯ ಕೊಡುತ್ತಿದ್ದರು, ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಪಕ್ಕದ ಮೇಜಿಗೆ ರಿಕೋತ್ತಾ ಚೀಸ್ ತುಂಬಿ, ಬೆಣ್ಣೆಯಲ್ಲಿ ಸೇಜ್ ಎಲೆ ಬಾಡಿಸಿ ಹಾಕಿದ ತೊರ್ತೆಲ್ಲೋನಿ ಪಾಸ್ತಾ ಹೋಗುವುದನ್ನು ನೋಡುತ್ತ ಕುಳಿತಿರುತ್ತಿದ್ದೆ. ಅದರಲ್ಲಿ ಮಾಂಸವಿರಲಿಲ್ಲ, ಮೊಟ್ಟೆಗೆ ನಾನು ಆ ಹೊತ್ತಿಗೆ ಒಗ್ಗಿಕೊಂಡಿದ್ದೆ, ಆದರೆ ಹೊಟ್ಟೆ ಕೆಟ್ಟವನಿಗೆ ಅಷ್ಟು ಬೆಣ್ಣೆ ಯಾರು ಕೊಡುತ್ತಾರೆ?

2009ರ ಬೇಸಿಗೆಯಲ್ಲಿ ಅಮ್ಮ ಬಂದರು. ಅನ್ನ ಹಾಕಿದವರನ್ನು ನೋಡಿ ಬರಬೇಕು ಎಂದು ಅವರೇ ಹಟ ಹಿಡಿದರು. ಸಿನ್ಯೋರಾ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು, ನಿಮ್ಮ ಮಗನಿಗೆ ಈ ಹೊಟ್ಟೆಯ ತೊಂದರೆ ಚಿಕ್ಕಂದಿನಿಂದಲೂ ಇದೆಯೇ ಎಂದು ಅಮ್ಮನನ್ನು ಕೇಳಲು ನನಗೆ ಹೇಳಿದರು. ನಾನು ಅಮ್ಮನಿಗೆ, ಚಿಕ್ಕಂದಿನಲ್ಲಿ ಚೆನ್ನಾಗಿ ಊಟ ಮಾಡುತ್ತಿದ್ದನೇ ಎಂದು ಕೇಳುತ್ತಿದ್ದಾರೆ ಎಂದೆ. ಅಮ್ಮ ನಕ್ಕು, ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುತ್ತಿದ್ದ ಎಂದರು. ಅದನ್ನು ನಾನು ಸಿನ್ಯೋರಾಗೆ, ಹೌದು, ಚಿಕ್ಕಂದಿನಿಂದಲೂ ಇದೆ ಎಂದು ದಾಟಿಸಿದೆ. ಆಕೆ ಅಮ್ಮನ ಕೈ ಹಿಡಿದು ಸಮಾಧಾನದ ಮಾತು ಹೇಳಿದರು. ಮಗನನ್ನು ಹೊಗಳುತ್ತಿದ್ದಾರೆಂದು ತಿಳಿದು ಅಮ್ಮ ಹಿಗ್ಗಿದರು. ಇಬ್ಬರು ಹೆಂಗಸರ ನಡುವೆ ಇದ್ದ ಒಂದೇ ಸೇತುವೆ ನಾನು.

ಆ ಆಗಸ್ಟಿನಲ್ಲಿ, ಇಲ್ಲಿನ ಎಷ್ಟೋ ಅಂಗಡಿಗಳಂತೆ, ರಜೆಗೆಂದು ಅದೂ ಬಾಗಿಲು ಹಾಕಿತು. ಸೆಪ್ಟೆಂಬರಿನಲ್ಲಿ ಹೋಗಿ ನಿಜ ಹೇಳಿಬಿಡಬೇಕು, ಒಂದು ದಿನ ಮನೆಗೆ ಕರೆದು ಅನ್ನ ಸಾರು ಬಡಿಸಬೇಕು ಎಂದುಕೊಂಡಿದ್ದೆ. ಹೋದಾಗ ಷಟರಿನ ಮೇಲೆ ಕೈಬರಹದ ಒಂದು ಚೀಟಿ ಇತ್ತು. ವ್ಯಾಪಾರ ನಿಲ್ಲಿಸಿದ್ದೇವೆ ಎಂಬ ಆ ಎರಡು ಪದಗಳನ್ನು ಓದಲು ಅಷ್ಟರಲ್ಲಿ ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ಮೂರು ವರ್ಷ ಉಂಡವನಿಗೆ ಆಕೆಯ ಮನೆ ಎಲ್ಲಿ ಎಂಬುದೂ ಗೊತ್ತಿರಲಿಲ್ಲ.

ಆದ್ದರಿಂದ ನೀವು ಮೊದಲ ದಿನವೇ ಹೇಳಿಬಿಡಿ: 'ಸೋನೋ ವೆಜೆತಾರಿಯಾನೋ'. ಅಷ್ಟು ಸಾಲದು, ಬಿಡಿಸಿ ಕೇಳಬೇಕು. ಹಂದಿಮಾಂಸದ ಪ್ರೊಶ್ಶುತ್ತೋ, ಪಂಚೆತ್ತಾ ಬೇಡವೆಂದು ಹೆಸರು ಹಿಡಿದು ಹೇಳಿ. ರಿಸೊತ್ತೋ ಎಂಬ ಅನ್ನದ ಅಡುಗೆ ಮತ್ತು ಸೂಪುಗಳಿಗೆ ಬಳಸಿದ 'ಬ್ರೋದೋ' ಮಾಂಸದ ಕಟ್ಟೇ ಎಂದು ಕೇಳಿ. ಪಿಯದೀನಾ ರೊಟ್ಟಿಯ ಹಿಟ್ಟಿಗೆ ಹಲವು ಕಡೆ 'ಸ್ತ್ರುತ್ತೋ', ಅಂದರೆ ಹಂದಿಯ ಕೊಬ್ಬು, ಬೀಳುತ್ತದೆ. ಇಲ್ಲಿ ಕೈಯಲ್ಲಿ ಲಟ್ಟಿಸುವ ಹಸಿ ಪಾಸ್ತಾಕ್ಕೆ ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕ. ನಿಮ್ಮ ಮನೆಯಲ್ಲಿ ಮೊಟ್ಟೆಯೂ ನಡೆಯದು ಎಂದಿದ್ದೀರಿ, ಹಾಗಾದರೆ ರವೆ ಮತ್ತು ನೀರಿನಿಂದ ಮಾಡಿದ ಒಣ ಪಾಸ್ತಾ ಇದೆಯೇ ಎಂದು ವಿಚಾರಿಸಿ. ಇನ್ನೊಂದು ಸಂಗತಿ, ಇದನ್ನು ನಾನು ಅಮ್ಮನಿಗೆ ಇಂದಿಗೂ ಹೇಳಿಲ್ಲ: ನನ್ನ ಆ ಪಥ್ಯದೂಟದ ಮೇಲೆ ಉದುರುತ್ತಿದ್ದ ಪಾರ್ಮಿಜಾನೋ ರೆಜ್ಜಾನೋ ಚೀಸಿಗೆ ಹಾಲು ಒಡೆಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ತಿನ್ನುವುದು ಬಿಡುವುದು ನಿಮಗೆ ಸೇರಿದ್ದು.

ಕುಕ್ಕರ್ ತನ್ನಿ, ಮೂರು ಲೀಟರಿನದು ಸಾಕು, ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇರಲಿ. ಬಂದ ಮೊದಲ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ. ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಶನಿವಾರದೊಳಗೆ ತಿಳಿಸಿ.