ಬಾಕಿ ಬರುತ್ತಿಲ್ಲ, ಕಂತು ನಿಂತಿದೆ: ಸಣ್ಣ ವ್ಯಾಪಾರದವರು ಎದೆಗುಂದದೆ ಇರುವುದು ಹೇಗೆ?

ಗಂಗಾವತಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇದೆ, ಮಾಡಿಕೊಟ್ಟ ಕೆಲಸದ ಬಾಕಿ ಬರುತ್ತಿಲ್ಲ, ಬ್ಯಾಂಕಿನ ಕಂತು ಎರಡು ತಿಂಗಳಿಂದ ಕಟ್ಟಿಲ್ಲ, ಮನೆಯಲ್ಲಿ ಇನ್ನೂ ಹೇಳಿಲ್ಲ, ಇಂಥ ಹೊತ್ತಲ್ಲಿ ಬೇರೆಯವರು ಧೈರ್ಯ ಹೇಗೆ ಇಟ್ಟುಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಸುವ ಸಣ್ಣ ಯೂನಿಟ್ ನಡೆಸುತ್ತೇನೆ. ನಾನು ಕಂಡ ಹಾಗೆ ಧೈರ್ಯ ಮೊದಲೇ ಬರಲ್ಲ. ಸಾಲ ಕೊಟ್ಟವರಿಂದ ಮುಖ ತಪ್ಪಿಸಿಕೊಳ್ಳದೆ ಎದುರಿಗೆ ಹೋಗಿ ಮಾತಾಡಲು ಶುರು ಮಾಡಿದ ಮೇಲೆ ಸ್ವಲ್ಪ ಸ್ವಲ್ಪ ಬರುತ್ತೆ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಇಲ್ಲಿ ಅದಿರು ಹೊಡೆಯುತ್ತಿದ್ದ ಲಾರಿಗಳೆಲ್ಲ ನಿಂತುಬಿಟ್ಟವು. ನಮ್ಮ ಸೋದರಮಾವನ ಹತ್ತಿರ ಎರಡು ಲಾರಿ ಇದ್ದವು, ಎರಡರ ಮೇಲೂ ಸಾಲ. ಸುತ್ತಮುತ್ತ ಬಹಳ ಜನ ಫೋನ್ ಎತ್ತೋದು ಬಿಟ್ಟರು, ಫೈನಾನ್ಸ್‌ನವರು ಬಂದಾಗ ಊರಲ್ಲಿಲ್ಲ ಅಂತ ಹೇಳಿಸಿದರು. ಮಾವ ತಾವೇ ಫೈನಾನ್ಸ್ ಆಫೀಸಿಗೆ ಹೋದರು. ಒಂದು ಲಾರಿ ಮಾರಿ ಅದರ ಸಾಲ ತೀರಿಸುತ್ತೇನೆ, ಇನ್ನೊಂದರ ಕಂತಿಗೆ ಟೈಮ್ ಕೊಡಿ ಅಂದರು. ಎಲ್ಲರೂ ಒಟ್ಟಿಗೆ ಮಾರಲು ನಿಂತು ರೇಟ್ ಬೀಳುವ ಮೊದಲೇ ಮಾರಿದ್ದರಿಂದ ಕೈಗೆ ಸ್ವಲ್ಪ ಜಾಸ್ತಿ ಬಂತು. ಉಳಿದ ಲಾರಿಯಲ್ಲಿ ಭತ್ತ, ಸಿಮೆಂಟ್ ಹೊಡೆದು ಮನೆ ನಡೆಸಿದರು. ಲಾರಿ ಮಾರಿದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ ಅಂತಲ್ಲ, ತುಂಬಾ ಇತ್ತು.

ಇನ್ನೊಂದು ಮಾತು. ಈ ಕಷ್ಟ ನಿಮ್ಮ ತಪ್ಪಿನಿಂದಲೇ ಬಂತು ಅಂದುಕೊಳ್ಳಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಿಮ್ಮ ಕಡೆ ರೈತರಷ್ಟೇ ಅಲ್ಲ, ರೈಸ್ ಮಿಲ್ಲು, ಗೊಬ್ಬರದಂಗಡಿ, ಬಟ್ಟೆಯಂಗಡಿಯವರೂ ಎದೆ ಹಿಡಿದುಕೊಂಡು ಕೂತಿದ್ದರು ಅಲ್ವಾ? ನಮ್ಮ ಭಾಗದ ವ್ಯಾಪಾರವೇ ಹಾಗೆ, ಎಲ್ಲೋ ಏನೋ ಆದರೆ ನಮ್ಮ ಗಲ್ಲಾ ಖಾಲಿ.

ಈಗ ಕೆಲಸದ ಮಾತು. ಎರಡು ತಿಂಗಳು ಕಂತು ನಿಂತಿದೆ ಅಂದರೆ ನಿಮ್ಮ ಹತ್ತಿರ ಜಾಸ್ತಿ ದಿನ ಇಲ್ಲ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತೆ, ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತೆ. ಅದಕ್ಕೂ ಮೊದಲೇ ಹೋಗಿ. ಕಷ್ಟದಲ್ಲಿರುವ ಸಣ್ಣ ಉದ್ದಿಮೆಗಳ ಸಾಲ ಎನ್‌ಪಿಎ ಆಗುವ ಮುಂಚೆಯೇ ದಾರಿ ಹುಡುಕಬೇಕು ಅಂತ ರಿಸರ್ವ್ ಬ್ಯಾಂಕ್ 2016ರಲ್ಲಿ ಬ್ಯಾಂಕುಗಳಿಗೆ ನಿಯಮ ಮಾಡಿದೆ, ಸಾಲಗಾರ ತಾನೇ ಅರ್ಜಿ ಕೊಡಬಹುದು. ಕಂತು ಚಿಕ್ಕದು ಮಾಡಿ ಅವಧಿ ಉದ್ದ ಮಾಡಿ ಅಂತ ಬರವಣಿಗೆಯಲ್ಲಿ ಕೇಳಿ, ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ದಯವಿಟ್ಟು ಮೀಟರ್ ಬಡ್ಡಿಗೆ ಕೈಗಡ ತಂದು ಬ್ಯಾಂಕಿನ ಕಂತು ಕಟ್ಟಬೇಡಿ. ನಮ್ಮ ಓಣಿಯಲ್ಲಿ ಮುಳುಗಿದ ಯೂನಿಟ್‌ಗಳು ಹೆಚ್ಚಿನವು ಬ್ಯಾಂಕಿನಿಂದ ಮುಳುಗಲಿಲ್ಲ, ಈ ಬಡ್ಡಿಯಿಂದ ಮುಳುಗಿದವು.

ಬರಬೇಕಾದ ಹಣದ ವಿಷಯ. ನಿಮ್ಮ ಪ್ರೆಸ್‌ಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ ಇದೆಯಾ? ಇಲ್ಲದಿದ್ದರೆ ಇವತ್ತೇ ಮಾಡಿಸಿ, ಆನ್‌ಲೈನ್‌ನಲ್ಲಿ ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ನೋಂದಣಿ ಆದ ಮೇಲೆ ಕೊಟ್ಟ ಮಾಲಿಗೆ ಸಣ್ಣ ಉದ್ದಿಮೆಗಳ 2006ರ ಎಂಎಸ್‌ಎಂಇ ಕಾಯ್ದೆಯ ಬಲ ಇರುತ್ತೆ: ಏನೇ ಮಾತಾಗಿದ್ದರೂ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಿಮ್ಮ ಬಿಲ್ಲಿನ ಮೇಲೆ ಉದ್ಯಮ್ ನಂಬರೂ ಈ 45 ದಿನದ ನಿಯಮವೂ ಪ್ರಿಂಟ್ ಆಗಲಿ, ಪ್ರೆಸ್ ನಿಮ್ಮದೇ ಇದೆಯಲ್ಲ. ಆದರೆ ಹಳೇ ಗಿರಾಕಿಗೆ ಮೊದಲೇ ಕಾಯ್ದೆ ತೋರಿಸೋಕೆ ಹೋಗಬೇಡಿ, ನಾನೂ ತೋರಿಸಲ್ಲ. ಅವರ ಕೈಯಲ್ಲಿ ಹಣ ಆಡುವ ಹೊತ್ತು ನೋಡಿ ಹೋಗಿ. ಮಿಲ್ಲಿನವರಾದರೆ ಭತ್ತದ ಸುಗ್ಗಿ, ಶಾಲೆಯವರಾದರೆ ಜೂನ್‌ನಲ್ಲಿ ಫೀಸ್ ಬಂದ ಮೇಲೆ. "ಎಲ್ಲಾ ಕೊಡಿ" ಅಂದರೆ "ನೋಡೋಣ" ಅನ್ನುತ್ತಾರೆ. "ಶನಿವಾರ ಕೆಲಸಗಾರರ ಬಟವಾಡೆ ಇದೆ, ಇಂತಿಷ್ಟು ಬೇಕೇ ಬೇಕು" ಅಂದರೆ ಅಷ್ಟಾದರೂ ಕೊಡುತ್ತಾರೆ.

ಬಟವಾಡೆ ಅಂದೆ, ಅದನ್ನು ಮಾತ್ರ ತಪ್ಪಿಸಬೇಡಿ. ನಮ್ಮಲ್ಲಿ ಪೀಸ್ ರೇಟಿನ ಟೈಲರ್‌ಗಳು. ಲಾಕ್‌ಡೌನ್ ಮುಗಿದ ಮೇಲೆ ಡೆನಿಮ್ ತರಲು ನನ್ನ ಹತ್ತಿರ ದುಡ್ಡಿರಲಿಲ್ಲ. ಇಲ್ಲೇ ಅಂಗಡಿಯವರು ಬಟ್ಟೆ ಕೊಟ್ಟರು, ಹೊಲಿಗೆ ಕೂಲಿ ಮಾತ್ರ ನಮಗೆ. ಲಾಭ ಅಂತ ಉಳಿಯಲಿಲ್ಲ, ಆದರೆ ವಾರ ವಾರ ನಗದು ಬಂತು, ಅದು ನೇರ ಟೈಲರ್‌ಗಳ ಕೈಗೆ ಹೋಯಿತು. ಜೇಬು ಕೂರಿಸುವ, ಜಿಪ್ ಹಚ್ಚುವ ಕೈಗಳು ಬೇರೆ ಯೂನಿಟ್‌ಗೆ ಹೋಗಲಿಲ್ಲ. ದೊಡ್ಡ ಆರ್ಡರ್ ವಾಪಸ್ ಬಂದಾಗ ಮರುದಿನವೇ ಮಷಿನ್ ಓಡಿದ್ದು ಅದರಿಂದಲೇ. ನಿಮ್ಮ ಆಫ್‌ಸೆಟ್ ಆಪರೇಟರ್ ಹೋದರೆ ಅಂಥವನು ಮತ್ತೆ ಸುಲಭಕ್ಕೆ ಸಿಗಲ್ಲ, ಅದು ನನಗಿಂತ ನಿಮಗೇ ಗೊತ್ತು.

ಮನೆಯವರಿಗೆ ಇವತ್ತು ರಾತ್ರಿಯೇ ಹೇಳಿ. ಅರ್ಧ ಹೇಳಬೇಡಿ, ಪೂರ್ತಿ ಮೊತ್ತ ಹೇಳಿ. ಗಂಡನ ಮುಖ ನೋಡಿದರೆ ಅವರಿಗೆ ಆಗಲೇ ಅನುಮಾನ ಬಂದಿರುತ್ತೆ, ಗೊತ್ತಿಲ್ಲದ ಭಯ ಇನ್ನೂ ಕೆಟ್ಟದ್ದು. ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನೋ ಯೋಚನೆ ಬರ್ತಿದೆ ಅಂದರೆ ಒಬ್ಬರೇ ಕೂತು ಸಹಿಸಬೇಡಿ. 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಬ್ಯಾಂಕಿಗೆ ಹೋಗುವಾಗ ಜಿಎಸ್‌ಟಿ ರಿಟರ್ನ್, ಒಂದು ವರ್ಷದ ಸ್ಟೇಟ್‌ಮೆಂಟ್, ಮತ್ತೆ ಯಾರಿಂದ ಎಷ್ಟು ಬರಬೇಕು, ಯಾವ ತಿಂಗಳು ಬರಬಹುದು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮ್ಯಾನೇಜರ್ ಮೊದಲು ಕೇಳೋದು ಆ ಹಾಳೆಯನ್ನೇ.